ತಣ್ಣಗೊಂದು ಲೋಟ, ಬೆಚ್ಚಗೊಂದು ಲೋಟ

ಮಡಿಕೇರಿ

ಇಟಲಿಗೆ ಹೋಗಿ ಬಂದವಳು ಎಂದು ತಿಳಿದವರೆಲ್ಲ ರೋಮ್ ಹೇಗಿತ್ತು ಎಂದೇ ಕೇಳುತ್ತಾರೆ. ರೋಮಿನಲ್ಲಿ ನಾನು ನೋಡಿದ್ದು ರೈಲ್ವೆ ಸ್ಟೇಷನ್ನಿನ ಒಂದು ಬೆಂಚನ್ನು. ಅವ್ವ ಅದರ ಮೇಲೆ ಕಾಲು ಮಡಚಿ ಕುಳಿತು, ತಲೆಯವರೆಗೆ ಕಂಬಳಿ ಹೊದ್ದು ತೂಕಡಿಸಿದಳು. ನಾನು ಪೆಟ್ಟಿಗೆಗಳನ್ನು ಕಾದೆ. ಮಡಿಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ನಾನು, ಬೂಟಿನ ಆಕಾರದ ಆ ದೇಶವನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅಲ್ಲಿಗೆ ಹೋಗಿ ಒಂದು ಗೋಡೆಯನ್ನೂ ಒಂದು ಅಡುಗೆಮನೆಯನ್ನೂ ಮಾತ್ರ ನೋಡಿ ಬರುತ್ತೇನೆಂದು ಎಣಿಸಿರಲಿಲ್ಲ.

ನಾವು ಹೋದದ್ದು ನನ್ನ ಅಣ್ಣ ಚಿಣ್ಣಪ್ಪನಿಗಾಗಿ. ಮಡಿಕೇರಿಯಿಂದ ಮೈಸೂರಿಗೆ ಬಸ್ಸು ಓಡಿಸುತ್ತಿದ್ದವನು ಅವನು. ಯುದ್ಧ ಬಂದಾಗ ಸೈನ್ಯ ಸೇರಿ ಲಾರಿ ಹಿಡಿದ. ಆಫ್ರಿಕಕ್ಕೆ ಹೋದ, ಅಲ್ಲಿಂದ ಇಟಲಿಗೆ. ಅಲ್ಲಿನ ಚಳಿಗಾಲದಲ್ಲಿ, ಒಂದು ನದಿಯ ಹತ್ತಿರ, ಲಾರಿಯ ಮೇಲೆ ಗುಂಡು ಬಿತ್ತು ಎಂದು ತಂತಿ ಬಂತು. ಅಪ್ಪ ತಂತಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ತೋಟದೊಳಗೆ ಹೋದವರು ಸಂಜೆಯವರೆಗೆ ಬರಲಿಲ್ಲ. ಅವ್ವ ಮಾತ್ರ ಅಂದು ಎಂದಿನಂತೆ ದನಕ್ಕೆ ಕಲಗಚ್ಚು ಕೊಟ್ಟಳು, ಹಾಲು ಕರೆದಳು.

ನಮ್ಮ ಕಡೆಯ ಗೌಡರ ಮನೆಗಳಲ್ಲಿ ವರ್ಷಕ್ಕೊಮ್ಮೆ ತೀರಿಕೊಂಡ ಹಿರಿಯರಿಗೆ ಎಲೆ ಹಾಕುತ್ತೇವೆ. ಬಾಳೆ ಎಲೆಯಲ್ಲಿ ಅಕ್ಕಿರೊಟ್ಟಿ, ಕೋಳಿಸಾರು, ಪಕ್ಕದಲ್ಲಿ ಒಂದು ಲೋಟ ಕಳ್ಳೋ ಸಾರಾಯಿಯೋ ಇಟ್ಟು, ಹೆಸರು ಹಿಡಿದು ಕರೆಯುತ್ತೇವೆ. ಎಲೆ ಬೀಳುವವರೆಗೆ ಸತ್ತವರು ಹಿರಿಯರ ಜೊತೆ ಸೇರುವುದಿಲ್ಲ, ಹೊರಗೇ ಅಲೆಯುತ್ತಿರುತ್ತಾರೆ ಎಂಬ ನಂಬಿಕೆ. ಅಣ್ಣನಿಗೆ ಎಲೆ ಹಾಕಲು ಅವ್ವ ಬಿಡಲಿಲ್ಲ.

"ಕಣ್ಣಿಲಿ ನೋಡದ್ದಕ್ಕೆ ನಾ ಎಲೆ ಹಾಕುದಿಲ್ಲೆ" ಎಂದಳು. ಮರುವರ್ಷವೂ ಅದನ್ನೇ ಹೇಳಿದಳು. ಅಪ್ಪ ತೀರಿಕೊಂಡು ಅವರಿಗೆ ಎಲೆ ಬಿದ್ದಿತು, ಅಣ್ಣನಿಗೆ ಬೀಳಲಿಲ್ಲ. ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಪ್ರತಿವರ್ಷ ಊಟಕ್ಕೆ ಕೂರುವ ಮೊದಲು ಒಂದು ಸಲ ಕೇಳುವರು, ಅವ್ವ ತಲೆ ಅಲ್ಲಾಡಿಸುವಳು. ಆಮೇಲೆ ಯಾರಿಗೂ ಊಟ ಸೇರುತ್ತಿರಲಿಲ್ಲ.

ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ನಮ್ಮ ಕಡೆ ಎಲ್ಲರೂ ಮನೆ ರಿಪೇರಿಗೆ ಹೊರಟರು. ಕೊಟ್ಟಿಗೆಗೆ ಹೊಸ ಹೆಂಚು ಹೊದಿಸಬೇಕೆಂದು ನಾನು ಮಾತು ತೆಗೆದೆ.

"ಹೆಂಚು ಬೇಡ" ಎಂದಳು ಅವ್ವ. "ನಂಗೆ ಆ ಜಾಗ ನೋಡೊಕು."

ಯಾವ ಜಾಗ ಎಂದು ನಾನು ಕೇಳಲಿಲ್ಲ.

ಹಡಗಿನಲ್ಲಿ

ಮುಂಬಯಿಯಲ್ಲಿ ಹಡಗು ಹತ್ತಿದೆವು. ನಮ್ಮ ಊಟದ ಮೇಜಿಗೆ ಒಬ್ಬ ಪಾರ್ಸಿ ಹೆಂಗಸು ಬರುತ್ತಿದ್ದಳು. ಯಾವ ಪ್ರಾಂತದವರು ಎಂದು ಕೇಳಿದಳು. ಕೊಡಗು ಎಂದೆ. ಅದು ಯಾವ ರಾಜ್ಯದಲ್ಲಿದೆ ಎಂದಳು. ಅದೇ ಒಂದು ರಾಜ್ಯ ಎಂದೆ; ಆಗಿನ್ನೂ ಅದು ಮೈಸೂರಿಗೆ ಸೇರಿರಲಿಲ್ಲ. ಆಕೆಗೆ ನಂಬಿಕೆ ಬರಲಿಲ್ಲ.

"ಎಷ್ಟು ದೊಡ್ಡದು?"

"ಬೆಳಿಗ್ಗೆ ಒಂದು ತುದಿಯಲ್ಲಿ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಇನ್ನೊಂದು ತುದಿ."

ಆಕೆ ನಕ್ಕಳು, ನಾನೂ ನಕ್ಕೆ. ಅವ್ವನಿಗೆ ನಮ್ಮ ಇಂಗ್ಲಿಷು ತಿಳಿಯದಿದ್ದರೂ ನಗುವುದನ್ನು ಕಂಡು ತಾನೂ ನಕ್ಕಳು. ಆ ಪ್ರಯಾಣದಲ್ಲಿ ಅವಳು ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಹಡಗು ಇಟಲಿಯವರದು. ಊಟಕ್ಕೆ ನೀರಿನ ಹೂಜಿಯ ಪಕ್ಕದಲ್ಲೇ ಕೆಂಪು ವೈನಿನ ಹೂಜಿ ಇಡುತ್ತಿದ್ದರು. ಹೆಂಗಸರು, ಪಾದ್ರಿಗಳು, ಎಲ್ಲರೂ ಕುಡಿಯುವರು. ನಮ್ಮಲ್ಲಿ ಹಬ್ಬಕ್ಕೆ ಮುಟ್ಟುವುದನ್ನು ಇವರು ಸಾರಿನ ಹಾಗೆ ದಿನಾ ಬಳಸುತ್ತಾರೆ. ಅವ್ವ ಕುಡಿತಕ್ಕೆ ಹೆದರುವವಳಲ್ಲ. ಒಂದು ಗುಟುಕು ತೆಗೆದುಕೊಂಡು ಮುಖ ಕಿವುಚಿದಳು.

"ಹುಳಿ ಹಿಡ್ದ ಪಾನಕ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಇಂಥದ್ದು ಕುಡ್ದು ಅಂವ ಬದ್ಕಿದ್ದಾ?" ಎಂದಳು.

ಏಡನ್ನಿನಲ್ಲಿ, ಸೂಯೆಜ್ ಕಾಲುವೆಯಲ್ಲಿ, ಪೋರ್ಟ್ ಸೈದಿನಲ್ಲಿ, ಎಲ್ಲಿ ದಡ ಕಂಡರೂ ಅವಳು ಕಟಕಟೆ ಹಿಡಿದು ನಿಲ್ಲುವಳು. ಬಂದರಿನ ಕಟ್ಟೆಯ ಮೇಲೆ ಲಾರಿ ಓಡಾಡಿದರೆ ಅದು ಮರೆಯಾಗುವ ತನಕ ನೋಡುವಳು. ಹಡಗಿನ ಪಡಸಾಲೆಯಲ್ಲಿ ಸಂಗೀತ ಇರುತ್ತಿತ್ತು, ಜನ ಕೈಕೈ ಹಿಡಿದು ಕುಣಿಯುತ್ತಿದ್ದರು. ನನಗೆ ಒಳಗೆ ಹೋಗಿ ನೋಡುವ ಆಸೆ ಇತ್ತು. ಅವ್ವನನ್ನು ಅಲ್ಲಿ ಒಬ್ಬಳನ್ನೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಫೋರ್ಲಿ

ನೇಪಲ್ಸಿನಲ್ಲಿ ಇಳಿದು ರೈಲು ಹತ್ತಿದೆವು. ಗಾಡಿ ಬದಲಿಸಿ ಬದಲಿಸಿ ಉತ್ತರಕ್ಕೆ ಹೋಗುತ್ತ ಹೋಗುತ್ತ ಬಿಸಿಲು ಹಿಂದೆ ಉಳಿಯಿತು. ಕಿಟಕಿಯ ಹೊರಗೆ ಮಂಜು. ನಮ್ಮ ಮಡಿಕೇರಿಯ ಮಂಜು ಓಡಾಡುತ್ತಿರುತ್ತದೆ. ಈಗ ಬಂತು, ಈಗ ಹೋಯಿತು. ಅಲ್ಲಿನದು ಸುಮ್ಮನೆ ನೆಲಕ್ಕೆ ಕೂತುಬಿಡುತ್ತದೆ. ಅಣ್ಣನ ಹೆಸರಿರುವುದು ಫೋರ್ಲಿ ಎಂಬ ಊರಿನ ಸೈನಿಕ ಸ್ಮಶಾನದಲ್ಲಿ ಎಂದು ನಮಗೆ ಮೊದಲೇ ತಿಳಿದುಬಂದಿತ್ತು. ಆ ಊರಿನಲ್ಲಿ ಇಳಿದಾಗ ನವೆಂಬರ್ ತಿಂಗಳು ಆಗತಾನೆ ಶುರುವಾಗಿತ್ತು.

ಸ್ಟೇಷನ್ನಿನ ಹೊರಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ಸೇವಂತಿಗೆ! ಬಿಳಿಯದು, ಹಳದಿಯದು, ಇಟ್ಟಿಗೆ ಬಣ್ಣದ್ದು, ಒಂದೊಂದು ಹೂವು ಅಂಗೈಯಗಲ. ಗಂಡಸರು, ಹೆಂಗಸರು ಕೈತುಂಬ ಹಿಡಿದು ಹೋಗುತ್ತಿದ್ದರು. ಅಪ್ಪ ತೀರಿಕೊಂಡಂದಿನಿಂದ ಅವ್ವ ತಲೆಗೆ ಹೂ ಮುಡಿದಿರಲಿಲ್ಲ. ವಿಧವೆಯಾದ ಮೇಲೂ ನಮ್ಮ ಕಡೆ ಹೂವಿಗೆ ಅಷ್ಟೇನೂ ಅಡ್ಡಿಯಿಲ್ಲ, ಆದರೂ ಅವಳು ಬಿಟ್ಟಿದ್ದಳು. ಅಂದು ಮಾತ್ರ ತಾನೇ ಮುಂದಾಗಿ ಒಂದು ಗೊಂಚಲು ಕೊಂಡಳು. ಮಗನನ್ನು ನೋಡಲು ಹೋಗುವಾಗ ಬೋಳು ತಲೆಯಲ್ಲಿ ಹೋಗಬಾರದು ಎಂದು ಒಂದನ್ನು ತನ್ನ ತುರುಬಿಗೂ ಒಂದನ್ನು ನನ್ನ ಜಡೆಗೂ ಸಿಕ್ಕಿಸಿದಳು.

ಬಸ್ಸಿನಲ್ಲಿ ಜನ ನಮ್ಮನ್ನು ನೋಡಿದ ರೀತಿ ಬೇರೆಯೇ ಇತ್ತು. ಸೀರೆ ಉಟ್ಟವರನ್ನು ಕಂಡು ಬೆರಗಾದ ನೋಟ ನನಗೆ ಆ ವೇಳೆಗೆ ಅಭ್ಯಾಸವಾಗಿತ್ತು, ಇದು ಅದಲ್ಲ. ಒಬ್ಬ ಮುದುಕ ಎದೆಯ ಮೇಲೆ ಶಿಲುಬೆ ಮಾಡಿಕೊಂಡು ಬೇರೆ ಕಡೆ ಮುಖ ತಿರುಗಿಸಿದ. ಎದುರು ಸೀಟಿನ ತಾಯಿಯೊಬ್ಬಳು ತನ್ನ ಕೂಸಿನ ಕಣ್ಣಿಗೆ ಕೈ ಅಡ್ಡ ಹಿಡಿದಳು. ಏನೋ ತಪ್ಪಾಗಿದೆ ಎಂದು ಗೊತ್ತಾಯಿತು, ಏನು ಎಂದು ಗೊತ್ತಾಗಲಿಲ್ಲ. ಅವ್ವ ಮಾತ್ರ ನೆಟ್ಟಗೆ ಕುಳಿತಿದ್ದಳು.

ಗೋಡೆ

ಸ್ಮಶಾನದಲ್ಲಿ ಮುಸಲ್ಮಾನ ಸೈನಿಕರಿಗೆ ಸಾಲಾಗಿ ಸಮಾಧಿಗಳಿವೆ. ಹಿಂದೂಗಳನ್ನೂ ಸಿಖ್ಖರನ್ನೂ ಅಲ್ಲಲ್ಲಿ, ಸತ್ತ ಜಾಗದಲ್ಲೇ, ಸುಟ್ಟುಬಿಟ್ಟಿದ್ದರು. ಅವರಿಗೆ ಸಮಾಧಿ ಇಲ್ಲ. ಅವರ ಹೆಸರುಗಳನ್ನೆಲ್ಲ ಕಲ್ಲಿನ ಮೇಲೆ ಒಟ್ಟಿಗೆ ಕೆತ್ತಿದ್ದಾರೆ.

ಹುಲ್ಲು ಸವರುತ್ತಿದ್ದ ಮಾಲಿ ನಮ್ಮನ್ನು ಕಂಡು ಟೋಪಿ ತೆಗೆದ, ಗೋಡೆಯ ಕಡೆ ಕೈ ತೋರಿಸಿ ದೂರ ಹೋಗಿ ನಿಂತ. ನಾನು ಹೆಸರುಗಳ ಮೇಲೆ ಬೆರಳಾಡಿಸುತ್ತ ಹೋದೆ. ಸಿಂಗರು, ರಾಮರು, ಥಾಪಗಳು. ನಡುವೆ ಅಣ್ಣ ಇದ್ದ. ಇಂಗ್ಲಿಷಿನಲ್ಲಿ ಅವನ ಹೆಸರನ್ನು ಒಂದೇ ಪಿ ಹಾಕಿ ಬರೆದಿದ್ದರು.

"ಇಲ್ಲಿ ಉಟ್ಟು ಅವ್ವ" ಎಂದು ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ.

ಅವ್ವನಿಗೆ ಕನ್ನಡ ಅಕ್ಷರ ಅಷ್ಟಿಷ್ಟು ಬರುತ್ತದೆ. ಇಂಗ್ಲಿಷು ಬಾರದು. ನನ್ನ ಬೆರಳು ಇದ್ದಲ್ಲಿ ತನ್ನ ಬೆರಳಿಟ್ಟಳು.

"ಎಲ್ಲಿಂದ ಎಲ್ಲಿವರೆಗೆ?"

ತೋರಿಸಿದೆ. ಅಕ್ಷರಗಳ ಮೇಲೆ ಒಂದು ಸಲ ಕೈ ಸವರಿದಳು. ಕಲ್ಲು ಒದ್ದೆಯಾಗಿತ್ತು, ಸೆರಗಿನಿಂದ ಒರೆಸಿದಳು.

"ಸುಟ್ಟದ್ದು ಎಲ್ಲಿ?"

"ಗೊತ್ತಿಲ್ಲೆ ಅವ್ವ. ನದಿ ಹತ್ರ ಎಲ್ಲೋ."

"ಬೂದಿ?"

ಅವ್ವ ಅಳುತ್ತಾಳೆಂದು ಕಾದೆ. ಅಷ್ಟು ದೂರ ಅವಳನ್ನು ಕರೆತಂದದ್ದೇ ಅದಕ್ಕಾಗಿ ಎಂದು ಒಳಗೊಳಗೇ ಅಂದುಕೊಂಡಿದ್ದೆ. ಅವಳು ಅಳಲಿಲ್ಲ. ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದು, ಹಿಂದೆಯೂ ಹೋಗಿ ನೋಡಿ ಬಂದಳು.

"ಕಲ್ಲಿಲಿ ಯಾರ ಹೆಸ್ರು ಬೇಕಾರೂ ಕೆತ್ತಕಾದೆ" ಎಂದಳು.

ಊರಿಗೆ ಹಾಗೆಯೇ ಹಿಂದಿರುಗುತ್ತೇವೆ, ಬರುವ ವರ್ಷವೂ ದೊಡ್ಡಪ್ಪ ಕೇಳುತ್ತಾರೆ, ಬರುವ ವರ್ಷವೂ ಅವ್ವ ತಲೆ ಅಲ್ಲಾಡಿಸುತ್ತಾಳೆ ಎಂದು ನನಗೆ ಅನ್ನಿಸಿತು. ಜಿಟಿಜಿಟಿ ಮಳೆ ಹಿಡಿಯಿತು. ಅವ್ವನ ತುಟಿ ನೀಲಿಯಾಗುತ್ತಿತ್ತು. ಬಸ್ಸು ಬರಲು ಇನ್ನೂ ಬಹಳ ಹೊತ್ತಿತ್ತು. ಸ್ಮಶಾನದ ಬಾಗಿಲಿನ ಕಮಾನಿನ ಕೆಳಗೆ ಇಬ್ಬರೂ ನಿಂತೆವು.

ರಸ್ತೆಯ ಆಚೆ ಬದಿ ಊರಿನವರ ಸ್ಮಶಾನ. ಅಲ್ಲಿಂದ ಕಪ್ಪು ಉಡುಪಿನ ಒಬ್ಬ ಮುದುಕಿ, ಜೊತೆಗೆ ನನ್ನ ವಯಸ್ಸಿನ ಒಬ್ಬ ಹೆಂಗಸು ಹೊರಗೆ ಬಂದರು. ಮುದುಕಿ ನಮ್ಮನ್ನು ನೋಡಿ ನಿಂತಳು. ರಸ್ತೆ ದಾಟಿ ಸೀದಾ ಬಂದು, ಅವ್ವನ ತುರುಬಿನಿಂದ ಸೇವಂತಿಗೆ ಕಿತ್ತಳು. ಆಮೇಲೆ ನನ್ನ ಜಡೆಯಿಂದ. ನಾನು ದಂಗಾಗಿ ನಿಂತೆ. ಹಿಂದೆಯೇ ಓಡಿಬಂದ ಹೆಂಗಸು ಮುರುಕು ಇಂಗ್ಲಿಷಿನಲ್ಲಿ ಹೇಳಿದಳು:

"ಕ್ಷಮಿಸಿ. ನಮ್ಮಲ್ಲಿ ಈ ಹೂವು ಸತ್ತವರಿಗೆ ಮಾತ್ರ. ಇಂದು ಸತ್ತವರ ದಿನ. ಬದುಕಿದವರು ಮುಡಿದರೆ ನಮ್ಮ ಅತ್ತೆಗೆ ಭಯ."

ಅವ್ವನಿಗೆ ಇದನ್ನು ತಿಳಿಸಿದೆ. ಅವಳು ಮುದುಕಿಯ ಕೈಯಿಂದ ಹೂವನ್ನು ಮೆಲ್ಲಗೆ ತೆಗೆದುಕೊಂಡಳು. ಗೋಡೆಯ ಬಳಿ ಇಟ್ಟು ಬರುತ್ತಾಳೆ ಎಂದುಕೊಂಡೆ. ಇಡಲಿಲ್ಲ, ಕೈಯಲ್ಲೇ ಹಿಡಿದು ನಿಂತಳು. ಮುದುಕಿ ಅವ್ವನ ಬೆರಳು ಮುಟ್ಟಿ ನೋಡಿ, ಏನೋ ಗದರಿ, ತನ್ನ ಉಣ್ಣೆಯ ಶಾಲನ್ನು ಬಿಚ್ಚಿ ಹೊದಿಸಿದಳು.

"ಮನೆ ಹತ್ತಿರ ಇದೆ, ಒಲೆ ಇದೆ, ಬನ್ನಿ ಅನ್ನುತ್ತಾರೆ" ಎಂದಳು ಸೊಸೆ.

ಅಸ್ಸುಂತಾಳ ಅಡುಗೆಮನೆ

ಮುದುಕಿಯ ಹೆಸರು ಅಸ್ಸುಂತಾ. ಸೊಸೆ ರೋಸಾ, ಯುದ್ಧ ಮುಗಿದ ಮೇಲೆ ಇಂಗ್ಲಿಷ್ ಸೈನಿಕರ ಬಟ್ಟೆ ಒಗೆದು ಅವರಿಂದ ಮಾತು ಕಲಿತವಳು. ಹೊಲದ ನಡುವಿನ ಕಲ್ಲಿನ ಮನೆ. ಅಡುಗೆಮನೆಯ ತೊಲೆಯಿಂದ ಬೆಳ್ಳುಳ್ಳಿಯ ಜಡೆ, ಮುಸುಕಿನ ಜೋಳದ ತೆನೆ ತೂಗುತ್ತಿದ್ದವು. ಹೊಗೆ ಹಿಡಿದು ತೊಲೆ ಕಪ್ಪಾಗಿತ್ತು. ನಮ್ಮ ಮನೆಯ ಅಟ್ಟದ ವಾಸನೆಯೇ. ಅವ್ವ ಒಲೆಯ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಅಸ್ಸುಂತಾ ಅಯ್ಯೋ ಎಂಬಂತೆ ಕೂಗಿ ಕುರ್ಚಿ ತಂದಿಟ್ಟಳು. ಅವ್ವ ಕುರ್ಚಿಯ ಮೇಲೂ ಕಾಲು ಮಡಚಿಯೇ ಕೂತಳು.

ಒಲೆಯ ಮೇಲೆ ತೂತಿನ ಬಾಣಲೆಯಲ್ಲಿ ಒಂದು ಬಗೆಯ ಕಂದು ಕಾಯಿ ಸುಡುತ್ತಿತ್ತು. ಒಂದನ್ನು ಸುಲಿದು ಕೊಟ್ಟರು. ಅವ್ವ ಬಾಯಿಗೆ ಹಾಕಿಕೊಂಡು, "ಹಲಸಿನ ಬೀಜ!" ಎಂದಳು. ಹಲಸಿನ ಬೀಜಕ್ಕಿಂತ ಸಿಹಿ, ಆದರೆ ಅದೇ ಹಿಟ್ಟುಹಿಟ್ಟು ರುಚಿ.

ಮೇಜಿನ ಮೇಲೆ ಒಂದು ಸೀಸೆ ಇತ್ತು. ಅವರದೇ ದ್ರಾಕ್ಷಿಯಿಂದ ಮಾಡಿದ ಆ ವರ್ಷದ ಹೊಸ ಸಿಹಿ ವೈನು. ನೆಲಮಾಳಿಗೆಯಿಂದ ಬೆಳಿಗ್ಗೆಯೇ ತಂದು ಇಟ್ಟಿದ್ದರಂತೆ. ನೆಲಮಾಳಿಗೆಯ ಕೊರೆತ ಬಿಡಲಿ ಎಂದು. ಅಸ್ಸುಂತಾ ದಪ್ಪ ಗಾಜಿನ ಸಣ್ಣ ಲೋಟಗಳಿಗೆ ಸುರಿದಳು.

"ಮೊದಲು ಇದ್ದ ಹಾಗೇ ಕುಡಿಯಬೇಕು. ಬಿಸಿ ಮಾಡುವುದು ಆಮೇಲೆ. ಬೆಂಕಿ ಏನು ಮಾಡಿತು ಎಂದು ಆಗ ಗೊತ್ತಾಗುತ್ತದೆ" ಎಂದಳು ರೋಸಾ.

ಬಣ್ಣ ಕಳಿತ ನೇರಳೆಹಣ್ಣಿನದು. ಬಾಯಿಗಿಟ್ಟರೆ ಮೊದಲು ಬರೀ ಸಿಹಿ, ಮಕ್ಕಳಿಗೆ ಕೊಡುವ ಶರಬತ್ತಿನಂತೆ. ಮೋಸವಿಲ್ಲ ಎಂದು ನುಂಗಿದ ಮೇಲೆ ನಾಲಗೆಯ ಬದಿಗಳಲ್ಲಿ ನೇರಳೆಯದೇ ಒಗರು ಹಿಡಿಯಿತು. ಮೂಗಿಗೆ ವಾಸನೆ ಎಂಬುದೇನೂ ಬರಲಿಲ್ಲ. ಎಲ್ಲವೂ ಬಾಯೊಳಗೇ ಇತ್ತು, ಗಂಟಲು ದಾಟಿದರೆ ಮುಗಿಯಿತು. ಅವ್ವ ಎರಡು ಗುಟುಕು ಕುಡಿದಳು.

"ಇದಾಕು" ಎಂದಳು. "ಹಡಗಿಂದಕ್ಕಿಂತ ಒಳ್ಳೇದು. ಆದ್ರೆ ಹೊಟ್ಟೆಗೆ ಚಳಿ."

ಅಸ್ಸುಂತಾ ಉಳಿದದ್ದನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು. ದಾಲ್ಚಿನ್ನಿಯ ಚೂರು, ಕಿತ್ತಳೆಯ ಸಿಪ್ಪೆ, ಲವಂಗ ಹಾಕಿದಳು. ಅವ್ವ ಎದ್ದು ಹೋಗಿ ಪಾತ್ರೆಗೆ ಇಣುಕಿದಳು. ಸೊಂಟದ ಚೀಲದಿಂದ, ಹಡಗಿನಲ್ಲಿ ಹೊಟ್ಟೆ ತೊಳಸಿದರೆ ಅಗಿಯಲು ತಂದಿದ್ದ ಏಲಕ್ಕಿ ತೆಗೆದು, ಜಜ್ಜಿ, ಕೇಳದೆಯೇ ಒಳಗೆ ಹಾಕಿದಳು. ಅಸ್ಸುಂತಾ ಮೂಸಿ ನೋಡಿ ತಲೆದೂಗಿದಳು. ಇಬ್ಬರೂ ಪಾತ್ರೆಯ ಎರಡು ಕಡೆ ನಿಂತು ಅದು ಕುದಿಯದಂತೆ ನೋಡಿಕೊಂಡರು. ಕುದಿಸಬಾರದು, ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಸಾಕು.

ಅದೇ ವೈನು ಎಂದು ಹೇಳಲು ಬಾರದಷ್ಟು ಬದಲಾಗಿತ್ತು. ಲೋಟ ತುಟಿಗೆ ಬರುವ ಮೊದಲೇ ಹಬೆ ಮೂಗಿಗೆ ಏರಿ ಕಣ್ಣಲ್ಲಿ ನೀರು ತರಿಸಿತು. ಸಿಹಿ ಹಿಂದೆ ಸರಿದಿತ್ತು. ಹುಳಿ, ಒಗರು, ಸಂಬಾರದ ಖಾರ ಮುಂದೆ ಬಂದಿದ್ದವು. ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಅದು ಇಳಿಯುವ ದಾರಿ ಒಂದೊಂದೂ ತಿಳಿಯುತ್ತಿತ್ತು. ಅವ್ವ ಲೋಟವನ್ನು ಎರಡು ಅಂಗೈ ನಡುವೆ ಹಿಡಿದು ಕಣ್ಣು ಮುಚ್ಚಿ ಕುಡಿದಳು. ಕೆನ್ನೆಗೆ ರಕ್ತ ಬಂತು.

ಅಸ್ಸುಂತಾ ಮಾತ್ರ ಬಿಸಿಯದನ್ನು ಮುಟ್ಟಲಿಲ್ಲ. ತನ್ನ ತಣ್ಣನೆಯ ಲೋಟವನ್ನೇ ಗುಟುಕರಿಸುತ್ತಿದ್ದಳು. ಗೋಡೆಯ ಹಲಗೆಯ ಮೇಲೆ ಇನ್ನೊಂದು ಲೋಟ ತುಂಬಿಟ್ಟಿತ್ತು, ಮೇಲೆ ಒಂದು ಬಸಿ ಮುಚ್ಚಿತ್ತು. ಅವ್ವ ಅದರ ಕಡೆ ಹುಬ್ಬು ಹಾರಿಸಿದಳು.

ರೋಸಾ ಹೇಳಿದಳು. "ಅದು ಮಾರಿಯೋನದು. ನನ್ನ ಗಂಡ. ಯುದ್ಧದಲ್ಲಿ ರಷ್ಯಾಕ್ಕೆ ಕಳಿಸಿದರು, ಹಿಮದಲ್ಲಿ. ಕಾಣೆಯಾಗಿದ್ದಾನೆ ಎಂದು ಬರೆದರು. ಸತ್ತ ಎಂದು ಯಾರೂ ಬರೆಯಲಿಲ್ಲ. ಅತ್ತೆ ದಿನಾ ಒಂದು ಲೋಟ ತುಂಬಿಡುತ್ತಾರೆ. ಅವನಿಗೆ ಬಿಸಿ ವೈನೆಂದರೆ ಪ್ರಾಣ. ಬಂದ ದಿನ ಬಿಸಿ ಮಾಡಿ ಕೊಡುತ್ತೇನೆ ಅನ್ನುತ್ತಾರೆ. ಅವನು ಚಳಿಯಲ್ಲಿರುವಾಗ ತಾನು ಬೆಚ್ಚಗೆ ಕುಡಿಯುವುದು ಹೇಗೆ ಎಂದು ಅವರು ಬಿಸಿಯದನ್ನು ಬಿಟ್ಟಿದ್ದಾರೆ."

ನಾನು ಇದನ್ನು ಅವ್ವನಿಗೆ ಹೇಳಿದೆ. ಅವ್ವ ಲೋಟ ಕೆಳಗಿಟ್ಟಳು. ಸೆರಗಿನ ಒಳಗಿನಿಂದ ಅಣ್ಣನ ಫೋಟೋ ತೆಗೆದು ಅಸ್ಸುಂತಾಳಿಗೆ ಕೊಟ್ಟಳು. ಖಾಕಿ ಉಡುಪು, ಓರೆ ಟೋಪಿ.

"ಕೇಳು, ಇವ್ಳು ಇವನ್ನ ನೋಡಿಯಾಳಾಂತ."

ಇಂಡಿಯಾದ ಸೈನಿಕರು ಆ ಊರಿನ ಮನೆಮನೆಯಲ್ಲಿ ತಂಗಿದ್ದರು, ಆ ಒಲೆಯ ಮೇಲೆ ರೊಟ್ಟಿ ಸುಟ್ಟವರೂ ಇದ್ದರು ಎಂದು ರೋಸಾ ದಾರಿಯಲ್ಲೇ ಹೇಳಿದ್ದಳು. ಅಸ್ಸುಂತಾ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೌದು ಎನ್ನಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಹೌದು, ಈ ಒಲೆಯ ಮುಂದೆ ಕೂತಿದ್ದ, ನಗುತ್ತಿದ್ದ ಎಂದು ಹೇಳಿಬಿಟ್ಟರೆ ಅವಳ ಗಂಟೇನು ಹೋಗುತ್ತದೆ?

"ಇಲ್ಲ" ಎಂದಳು ಅಸ್ಸುಂತಾ. "ಬಹಳ ಜನ ಬಂದರು. ಇವನು ನನಗೆ ನೆನಪಿಲ್ಲ."

ರೋಸಾ ಇಂಗ್ಲಿಷಿಗೆ ತಂದಳು, ನಾನು ನಮ್ಮ ಮಾತಿಗೆ ತಂದೆ. ಅವ್ವ ತಲೆಯಾಡಿಸಿ ಫೋಟೋ ಹಿಂದಕ್ಕೆ ಪಡೆದಳು.

ಆಗ ಅಸ್ಸುಂತಾ ಒಳಗೆ ಹೋಗಿ ತನ್ನ ಮಗನ ಫೋಟೋ ತಂದಳು. ಅವ್ವನ ಮಡಿಲಲ್ಲಿಟ್ಟು, ಅವಳ ಮುಖವನ್ನೇ ನೋಡುತ್ತ ಏನೋ ಕೇಳಿದಳು. ರೋಸಾ ಅದನ್ನು ಹೇಳಲು ಹಿಂಜರಿದಳು. ಮುದುಕಿ ಮತ್ತೆ ಜೋರಾಗಿ ಕೇಳಿದಳು.

"ನಿಮ್ಮ ದೇಶದಲ್ಲೂ ನಮ್ಮವರನ್ನು ಸೆರೆಯಲ್ಲಿ ಇಟ್ಟಿದ್ದರಂತೆ. ರಷ್ಯಾದಿಂದ ತಪ್ಪಿಸಿಕೊಂಡು ಆ ಕಡೆ ಬಂದಿರಬಹುದು ಅನ್ನುತ್ತಾರೆ. ಪರದೇಶದವರು ಯಾರು ಬಂದರೂ ಕೇಳುತ್ತಾರೆ. ನಿಮ್ಮ ಊರಿನ ಕಡೆ ಇವನನ್ನು ನೋಡಿದ್ದೀರಾ?"

ಗುಂಗುರು ಕೂದಲಿನ ಹುಡುಗ, ಕಿವಿ ಸ್ವಲ್ಪ ಅಗಲ. ಇರಬಹುದು, ವಿಚಾರಿಸುತ್ತೇವೆ ಎಂದು ಹೇಳೋಣವೆಂದು ನಾನು ಬಾಯಿ ತೆರೆದೆ. ಅವ್ವ ನನ್ನ ಮೊಣಕೈ ಹಿಡಿದಳು.

"ಸುಳ್ಳು ಹೇಳ್ಬೇಡ. ಅವ್ಳು ನಂಗೆ ಸುಳ್ಳು ಹೇಳಿಲ್ಲೆ."

ಆಮೇಲೆ ತಾನೇ ಅಸ್ಸುಂತಾಳ ಕಣ್ಣನ್ನು ನೋಡಿ, ನಮ್ಮ ಮಾತಿನಲ್ಲೇ, "ಇಲ್ಲೆ" ಎಂದಳು.

ಯಾರೂ ಅದನ್ನು ಭಾಷಾಂತರ ಮಾಡಬೇಕಾಗಲಿಲ್ಲ. ಅವ್ವ ಮಾರಿಯೋನ ಫೋಟೋವನ್ನು ಅವನ ತಾಯಿಯ ಕೈಗೆ ಕೊಟ್ಟು, ಹಲಗೆಯ ಮೇಲಿನ ಆ ಲೋಟವನ್ನು ಮತ್ತೊಮ್ಮೆ ನೋಡಿದಳು. ಅವಳು ಅಲ್ಲಿ ಏನನ್ನು ಕಂಡಳೋ ನನಗೆ ತಿಳಿಯದು. ನಾನು ಕಂಡದ್ದು ನಮ್ಮ ಮನೆಯ ಹಿರಿಯರ ಊಟದ ದಿನದ ಮೌನವನ್ನು.

"ಇನ್ನೊಂದು ಲೋಟ ಕೊಡಿ ಹೇಳು" ಎಂದಳು ಅವ್ವ. "ಬಿಸಿದು."

ಕೊಟ್ಟರು. ಅವ್ವ ಕುಡಿಯಲಿಲ್ಲ. ಬಾಗಿಲು ತೆಗೆದು ಹೊರಗೆ ಹೋದಳು. ಬಾಗಿಲ ಬಳಿ ಚಪ್ಪರದ ಮೇಲೆ ದ್ರಾಕ್ಷಿಯ ಬಳ್ಳಿ ಇತ್ತು, ಉದುರಲು ಕಾದಿದ್ದ ಕೆಂಪು ಎಲೆಗಳು. ಅಗಲವಾದ ಒಂದನ್ನು ಕಿತ್ತು, ಮಳೆ ತಾಗದಂತೆ ಹೊಸಿಲ ಪಕ್ಕದ ಕಲ್ಲಿನ ಮೇಲೆ ಹಾಸಿದಳು. ಅದರ ಮೇಲೆ ಸುಲಿದ ಕಾಯಿ ಇಟ್ಟಳು. ಪಕ್ಕದಲ್ಲಿ ಹಬೆಯಾಡುವ ಲೋಟ. ಆ ಸೇವಂತಿಗೆಯನ್ನೂ ಇಟ್ಟಳು. ಕೂತು ಕೈ ಮುಗಿದಳು.

"ಚಿಣ್ಣಪ್ಪಾ" ಎಂದು ಕರೆದಳು. "ಬಾ ಮಗಾ. ಚಳಿಲಿ ಹೋದಂವ ನೀ. ಬೆಚ್ಚಗೆ ಕುಡಿ."

ಆಮೇಲೆ ಅತ್ತಳು. ಇಷ್ಟು ವರ್ಷ ಎಲ್ಲಿತ್ತೋ ಆ ಅಳು. ನನಗೆ ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ಅಸ್ಸುಂತಾ ಹೋಗಿ ಅವಳ ಹಿಂದೆ ಕೂತು, ಬೆನ್ನಿಗೆ ಕೆನ್ನೆಯಿಟ್ಟು, ಎರಡೂ ತೋಳಿನಿಂದ ತಬ್ಬಿ ಹಿಡಿದಳು. ಲೋಟದಿಂದ ಹಬೆ ಏಳುವುದು ನಿಲ್ಲುವ ತನಕ ಇಬ್ಬರೂ ಹಾಗೇ ಇದ್ದರು.

ಒಳಗೆ ಬಂದ ಮೇಲೆ ರೋಸಾ ಹಲಗೆಯ ಕಡೆಗೆ ಒಂದು ಸಲ, ಅತ್ತೆಯ ಮುಖದ ಕಡೆಗೆ ಒಂದು ಸಲ ನೋಡಿದಳು. ಅವಳು ಏನನ್ನೋ ಕಾಯುತ್ತಿದ್ದಾಳೆ ಎಂದು ನನಗೆ ಅರ್ಥವಾಯಿತು. ಅಸ್ಸುಂತಾ ಹಲಗೆಯ ಹತ್ತಿರ ಹೋದಳು. ಲೋಟದ ಮೇಲಿನ ಬಸಿ ಓರೆಯಾಗಿತ್ತು, ಸರಿಮಾಡಿ ಇಟ್ಟಳು.

"ನಿಮ್ಮವನಿಗೆ ಗೋಡೆಯಲ್ಲಿ ಹೆಸರಿದೆ" ಎಂದಳು. "ನನ್ನವನ ಹೆಸರು ಯಾವ ಗೋಡೆಯಲ್ಲೂ ಇಲ್ಲ. ಅವನು ಬರಬಹುದು."

ಅವ್ವ ಕೇಳಿಸಿಕೊಂಡಳು. "ಕಾಯಲಿ" ಎಂದಳು ನನಗೆ. "ಅದು ತಪ್ಪಲ್ಲ ಅಂತ ಹೇಳು."

ಹೇಳಿದೆ.

ಸ್ಟೇಷನ್ ದಾರಿ

ರೋಸಾ ನಮ್ಮನ್ನು ಬಸ್ಸಿನಲ್ಲಿ ಸ್ಟೇಷನ್ನಿಗೆ ಕರೆತಂದಳು. ಶಾಲನ್ನು ಹಿಂದಕ್ಕೆ ಕೊಡಲು ಹೋದರೆ ಅಸ್ಸುಂತಾ ತೆಗೆದುಕೊಂಡಿರಲಿಲ್ಲ. ಅವ್ವ ಅದನ್ನು ಹೊದ್ದೇ ಇದ್ದಳು. ರೈಲು ಬರುವುದರೊಳಗೆ ರೋಸಾ ತನ್ನ ವಿಷಯ ಹೇಳಿದಳು. ಊರಿನ ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬಾತ ಅವಳನ್ನು ಮದುವೆಯಾಗಲು ಕೇಳಿದ್ದಾನೆ. ಗಂಡ ಸತ್ತನೆಂದು ಕಾಗದವಿಲ್ಲದೆ ಪಾದ್ರಿ ಮದುವೆ ಮಾಡಿಸುವುದಿಲ್ಲ. ಆ ಕಾಗದಕ್ಕಾಗಿ ಅರ್ಜಿ ಹಾಕಬಹುದು, ಆದರೆ ತಾಯಿಯೂ ಒಪ್ಪಿದರೆ ಚೆನ್ನ. ಅತ್ತೆಯ ಮುಂದೆ ಆ ಮಾತು ಎತ್ತಲು ಅವಳಿಗೆ ಬಾಯಿ ಬಂದಿಲ್ಲ.

"ನೀವೇನು ಅಂದುಕೊಂಡಿದ್ದೀರಿ?" ಎಂದು ಕೇಳಿದೆ.

"ಅವನು ಬರುವುದಿಲ್ಲ. ನನಗೆ ಮೊದಲ ಚಳಿಗಾಲದಲ್ಲೇ ಗೊತ್ತಾಯಿತು."

ಅವ್ವ ಏನೆಂದು ಕೇಳಿದಳು. ಹೇಳಿದೆ. ಅವಳು ರೋಸಾಳ ಕೈಯನ್ನು ತನ್ನೆರಡು ಕೈಯೊಳಗೆ ತೆಗೆದುಕೊಂಡಳು. ರೋಸಾಳ ಕೈ ಒಗೆದು ಒಗೆದು ಒರಟಾಗಿತ್ತು.

"ಮಗಳೇ, ಅವ್ಳು ಕಾಯಲಿ. ನೀ ಕಾಯ್ಬೇಡ."

ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ಗಾಡಿ ಬಂತು, ನಾವು ಸ್ಟೇಷನ್ನಿನಲ್ಲೇ ಬಿಟ್ಟಿದ್ದ ಪೆಟ್ಟಿಗೆಗಳನ್ನು ರೋಸಾ ಎತ್ತಿಕೊಟ್ಟಳು, ಕಿಟಕಿಯ ಕೆಳಗೆ ನಿಂತಳು. ಗಾಡಿ ಹೊರಟಾಗ ಕೈ ಬೀಸಬೇಕೆಂಬುದೂ ಅವಳಿಗೆ ಮರೆತುಹೋದಂತಿತ್ತು. ಮಂಜು ದಟ್ಟವಾಗಿತ್ತು, ಅವಳು ಬಹಳ ಬೇಗ ಕಾಣದಾದಳು. ಅವಳು ಅರ್ಜಿ ಹಾಕಿದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಊರು

ನಾವು ಮರಳಿದ ಮೇಲೆ ಬಂದ ಹಿರಿಯರ ದಿನಕ್ಕೆ ಮನೆ ತುಂಬ ಜನ ಸೇರಿದರು. ದೊಡ್ಡಪ್ಪ ಆ ಸಲ ಕೇಳಲಿಲ್ಲ, ಅವ್ವನೇ ಬಾಳೆ ಎಲೆ ಒರೆಸಿ ತಂದು ಅಪ್ಪನ ಎಲೆಯ ಪಕ್ಕದಲ್ಲಿ ಹಾಸಿದಳು. ರೊಟ್ಟಿ ಬಡಿಸಿದಳು, ಸಾರು ಬಡಿಸಿದಳು. ಹೆಸರು ಕರೆಯುವ ಹೊತ್ತಿಗೆ ನನ್ನ ಕಡೆ ನೋಡಿದಳು. ನಾನು ಕರೆದೆ.

ಊಟಕ್ಕೆ ಕೂರುವ ಮೊದಲು ದೊಡ್ಡಪ್ಪ ನಮ್ಮ ಪ್ರಯಾಣದ ಕಥೆ ಕೇಳಿದರು. ರಷ್ಯಾದ ಹಿಮದಲ್ಲಿ ಕಾಣೆಯಾದ ಹುಡುಗನ ವಿಷಯ ಬಂದಾಗ ಅವರ ಕಣ್ಣು ಒದ್ದೆಯಾಯಿತು. ಅವರು ಒಳ್ಳೆಯ ಮನಸ್ಸಿನವರು.

"ಪಾಪ, ಅಂವಂಗೆ ಎಲೆ ಹಾಕುವವ್ರು ಯಾರೂ ಇಲ್ಲೆ. ನಮ್ಮ ಚಿಣ್ಣಪ್ಪನ ಜೊತೆಗೆ ಅಂವಂಗೂ ಒಂದು ಎಲೆ ಹಾಕಿ" ಎಂದರು.

ಯಾರೋ ಆಗಲೇ ಎಲೆ ತರಲು ಎದ್ದರು.

"ಬೇಡ ಬಾವ" ಎಂದಳು ಅವ್ವ. "ಅಂವ ಹೋದಾಂತ ಅವ್ನ ಅವ್ವ ಇನ್ನೂ ಹೇಳಿಲ್ಲೆ."